ಬಾತುಕೋಳಿ ಕೊಕ್ಕಿನ ಪ್ರಾಣಿ, ಮೂಗಿನ ಮೇಲೆ ಕೊಂಬಿರುವ ಡೈನೋಸಾರ್: ಹಳೆಯ ಚಿತ್ರಗಳಲ್ಲಿ ಯಾವುದು ನಿಜ?

ಹಳೆಯ ಪುಸ್ತಕಗಳ ವಿಚಿತ್ರ ಪ್ರಾಣಿಚಿತ್ರಗಳು ವಾಟ್ಸಾಪ್ ಗ್ರೂಪ್‌ಗಳಲ್ಲಿ ಆಗಾಗ ಹರಿದಾಡುತ್ತವೆ. ಕೆಲವರು "ಇದು ಎಡಿಟ್ ಮಾಡಿದ್ದು" ಎನ್ನುತ್ತಾರೆ. ಇನ್ನು ಕೆಲವರು "ನೂರಾರು ವರ್ಷದ ಹಿಂದಿನ ಚಿತ್ರ, ಸುಳ್ಳಾಗಲು ಹೇಗೆ ಸಾಧ್ಯ?" ಎಂದು ಫಾರ್ವರ್ಡ್ ಮಾಡುತ್ತಾರೆ. ಎರಡೂ ಮಾತು ತಪ್ಪಾಗಬಹುದು. ಎರಡು ಚಿತ್ರಗಳನ್ನು ನೋಡೋಣ.

ಸುಳ್ಳು ಎನಿಸಿದ್ದು ನಿಜವಾಗಿತ್ತು

1799ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಶಾ ಅವರು ಪ್ಲಾಟಿಪಸ್‌ನ ಚಿತ್ರ ಮತ್ತು ವಿವರಣೆ ಪ್ರಕಟಿಸಿದರು. ಅವರ ಮುಂದಿದ್ದದ್ದು ಆಸ್ಟ್ರೇಲಿಯಾದಿಂದ ಬಂದ ಒಣಗಿದ ಚರ್ಮ ಮಾತ್ರ. ಮೈತುಂಬ ತುಪ್ಪಳ, ಬಾತುಕೋಳಿಯಂಥ ಕೊಕ್ಕು! ಯಾರೋ ಕೊಕ್ಕನ್ನು ಅಂಟಿಸಿರಬಹುದೇ ಎಂಬ ಅನುಮಾನ ಸ್ವತಃ ಶಾ ಅವರಿಗೇ ಬಂದಿತ್ತು. ಆದರೆ ಪ್ರಾಣಿ ನಿಜವೇ ಆಗಿತ್ತು.

ಅದು ಮೊಟ್ಟೆ ಇಡುತ್ತದೆಯೇ ಎಂಬ ವಾದ ಮಾತ್ರ ದಶಕಗಳ ಕಾಲ ನಡೆಯಿತು. 1884ರಲ್ಲಿ ವಿಲಿಯಂ ಕಾಲ್ಡ್‌ವೆಲ್ ಅವರು ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅಲ್ಲಿನ ಮೂಲನಿವಾಸಿಗಳ ನೆರವಿನಿಂದ ಇದನ್ನು ಖಚಿತಪಡಿಸಿದರು. ಪ್ಲಾಟಿಪಸ್ ಮೊಟ್ಟೆ ಇಡುತ್ತದೆ, ಮರಿಗಳಿಗೆ ಹಾಲೂಣಿಸುತ್ತದೆ. ಮೊಲೆತೊಟ್ಟು ಇಲ್ಲದ ಕಾರಣ ಹಾಲು ಚರ್ಮದಿಂದಲೇ ಜಿನುಗುತ್ತದೆ. ಇಂದು ಬದುಕಿರುವ ಸಸ್ತನಿಗಳಲ್ಲಿ ಮೊಟ್ಟೆ ಇಡುವವು ಪ್ಲಾಟಿಪಸ್ ಮತ್ತು ಮೈಮೇಲೆ ಮುಳ್ಳಿರುವ ಎಕಿಡ್ನಾಗಳು ಮಾತ್ರ.

ನಿಜ ಎನಿಸಿದ್ದು ತಪ್ಪಾಗಿತ್ತು

ಇಗ್ವಾನೊಡಾನ್ ಎಂಬ ಡೈನೋಸಾರ್ ಅನ್ನು ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ 1825ರಲ್ಲಿ ಹೆಸರಿಸಿದರು. ಸಿಕ್ಕಿದ್ದು ಹಲ್ಲುಗಳು, ಮುಂದೆ ಕೆಲವು ಮೂಳೆಗಳು. ಅವುಗಳ ಜೊತೆಗಿದ್ದ ಒಂದು ಚೂಪಾದ ಮೂಳೆಯನ್ನು ಮೂಗಿನ ಕೊಂಬು ಎಂದು ಭಾವಿಸಲಾಯಿತು. ಹೀಗಾಗಿ ಹಳೆಯ ಚಿತ್ರಗಳಲ್ಲಿ ಅದು ಘೇಂಡಾಮೃಗದಂತೆ ಕಾಣುತ್ತದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ 1854ರ ಕೊಂಬಿನ ಪ್ರತಿಮೆಗಳು ಈಗಲೂ ಇವೆ.

1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ ಇಗ್ವಾನೊಡಾನ್‌ನ ಹಲವು ಪೂರ್ಣ ಅಸ್ಥಿಪಂಜರಗಳು ಸಿಕ್ಕವು. ಆಗ ಗೊತ್ತಾಯಿತು: ಅದು ಮೂಗಿನ ಕೊಂಬಲ್ಲ, ಮುಂಗಾಲಿನ ಹೆಬ್ಬೆರಳಿನ ಮುಳ್ಳು!

ಹಾಗಾದರೆ ನಾವೇನು ಮಾಡಬೇಕು?

ಮ್ಯಾಂಟೆಲ್ ಮೋಸ ಮಾಡಲಿಲ್ಲ. ಕೈಯಲ್ಲಿದ್ದಷ್ಟು ಮೂಳೆಗಳಿಂದ ಊಹಿಸಿದರು. ಹಳೆಯ ಚಿತ್ರ ಹೇಳುವುದು ಆ ಕಾಲದಲ್ಲಿ ಎಷ್ಟು ಗೊತ್ತಿತ್ತು ಎಂಬುದನ್ನು. ಆದ್ದರಿಂದ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ: ಚಿತ್ರ ಯಾವ ವರ್ಷದ್ದು? ಬಿಡಿಸಿದವರು ಜೀವಂತ ಪ್ರಾಣಿ ನೋಡಿದ್ದರೇ, ಚರ್ಮ ಅಥವಾ ಮೂಳೆಯನ್ನಷ್ಟೇ ನೋಡಿದ್ದರೇ? ಆಮೇಲೆ ಹೊಸದೇನು ಸಿಕ್ಕಿದೆ?

ವಿಚಿತ್ರವಾಗಿದೆ ಎಂದ ಮಾತ್ರಕ್ಕೆ ಸುಳ್ಳಲ್ಲ, ಹಳೆಯದು ಎಂದ ಮಾತ್ರಕ್ಕೆ ಸತ್ಯವೂ ಅಲ್ಲ.