ಕಾಡಿನ ಗುತ್ತಿಗೆದಾರ ಕಟ್ಟಿದ ತಿಲಿಸ್ಮು

ಬನಾರಸಿನಲ್ಲಿ ಗಂಗೆ ದಾಟಿ ಆಗ್ನೇಯಕ್ಕೆ ಹೊರಟರೆ ಸ್ವಲ್ಪ ಹೊತ್ತು ಬರೀ ಬಯಲು. ಆಮೇಲೆ ಚಕಿಯಾ ಬರುತ್ತದೆ, ಅಲ್ಲಿಂದ ನೆಲ ಏಳತೊಡಗುತ್ತದೆ. ವಿಂಧ್ಯದ ಅಂಚು ಅದು. ಚಂದ್ರಪ್ರಭಾ ನದಿ ಅಲ್ಲಿ ಬಂಡೆಯಿಂದ ಬಂಡೆಗೆ ಧುಮುಕುತ್ತದೆ. ಇನ್ನೂ ಮುಂದೆ ಹೋದರೆ ನೌಗಢ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಕಾಡು ಬನಾರಸಿನ ಮಹಾರಾಜರದು. ಮರಮುಟ್ಟಿನ ಗುತ್ತಿಗೆ ಹಿಡಿದವನು ಇಪ್ಪತ್ತರ ಹರೆಯದ ಒಬ್ಬ ವ್ಯಾಪಾರಿ, ದೇವಕೀನಂದನ ಖತ್ರಿ.

ಗುತ್ತಿಗೆದಾರನ ಕೆಲಸವೆಂದರೆ ಕಾಡನ್ನು ನೋಡುವುದು. ಯಾವ ಮರ ಎಲ್ಲಿದೆ, ಗಾಡಿ ಎಲ್ಲಿಯವರೆಗೆ ಹೋಗುತ್ತದೆ, ಮಳೆಗಾಲದಲ್ಲಿ ಯಾವ ಹಳ್ಳ ದಾಟಲಾಗದು, ಇಂಥ ಲೆಕ್ಕ. ಖತ್ರಿ ಇದನ್ನೂ ನೋಡಿದರು, ಲೆಕ್ಕಕ್ಕೆ ಬಾರದ್ದನ್ನೂ ನೋಡಿದರು. ಪಾಳುಬಿದ್ದ ಕೋಟೆಗಳು, ಗುಹೆಗಳು, ಎಲ್ಲಿಗೆ ಹೋಗುತ್ತವೆಂದು ತಿಳಿಯದ ಕಣಿವೆಗಳು. ಆ ಗುತ್ತಿಗೆಯಿಂದ ಎಷ್ಟು ಲಾಭ ಬಂತೋ, ಇಂದು ಯಾರಿಗೂ ಅದು ಬೇಕಿಲ್ಲ. ಅಲ್ಲಿಂದ ಬಂದದ್ದು 'ಚಂದ್ರಕಾಂತಾ'. 1880ರ ದಶಕದ ಕೊನೆಯಲ್ಲಿ ಅಚ್ಚಾಗತೊಡಗಿದ ಈ ಪುಸ್ತಕ ಖತ್ರಿಯವರ ಮೊದಲ ಕಾದಂಬರಿ.

ದೆಹಲಿಯಲ್ಲೋ ಮುಂಬೈಯಲ್ಲೋ ತೊಂಬತ್ತರ ದಶಕ ಕಳೆದ ಕನ್ನಡಿಗರ ಮನೆಗಳಿಗೂ ಈ ಹೆಸರು ಹೊಸದಲ್ಲ. 1994ರಲ್ಲಿ ದೂರದರ್ಶನದಲ್ಲಿ ಶುರುವಾದ ನೀರಜಾ ಗುಲೇರಿಯವರ ಧಾರಾವಾಹಿ, ಅದರ ಹಾಡು, ದಪ್ಪ ಹುಬ್ಬಿನ ಕ್ರೂರಸಿಂಗ್, ಎಲ್ಲವೂ ಆಗ ಭಾನುವಾರದ ಭಾಗ. ಆದರೆ ಆ ಧಾರಾವಾಹಿ ಕಾದಂಬರಿಯಿಂದ ಬಹಳ ದೂರ ಸರಿದಿತ್ತು, ಮಾಯಾಮಂತ್ರವನ್ನು ಧಾರಾಳವಾಗಿ ಸುರಿದಿತ್ತು. ಖತ್ರಿಯವರ ಪುಸ್ತಕದ ವಿಶೇಷ ಇದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿದೆ. ಅವರು ಮಾಯಾಲೋಕ ಕಟ್ಟಿದ್ದು ಮಾಯೆಯನ್ನು ಹೊರಗೆ ಹಾಕಿ.

ಖತ್ರಿ ಹುಟ್ಟಿದ್ದು 1861ರಲ್ಲಿ, ಬಿಹಾರದ ಇಂದಿನ ಸಮಸ್ತಿಪುರ ಜಿಲ್ಲೆಯಲ್ಲಿ. ಮನೆತನದ ಮೂಲ ಪಂಜಾಬ್. ಹುಡುಗನ ಮೊದಲ ಓದು ಉರ್ದು, ಪಾರಸಿ. ಗಯಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದು ಆಮೇಲೆ ಬನಾರಸಿಗೆ ಬಂದರು, ಹಿಂದಿಯನ್ನು ಗಂಭೀರವಾಗಿ ಹಿಡಿದದ್ದೂ ಅಲ್ಲಿಯೇ. ಅವರು ಬೆಳೆದ ಆ ಉರ್ದು ಲೋಕದಲ್ಲಿ ಆಗ ಒಂದು ದೊಡ್ಡ ಘಟನೆ ನಡೆದಿತ್ತು. ಲಖನೌದ ನವಲ್ ಕಿಶೋರ್ ಮುದ್ರಣಾಲಯ 'ತಿಲಿಸ್ಮ್-ಎ-ಹೋಶ್‌ರುಬಾ'ವನ್ನು 1883ರಿಂದ ಸಂಪುಟ ಸಂಪುಟವಾಗಿ ಹೊರತರತೊಡಗಿತ್ತು. ಅಮೀರ್ ಹಂಜಾನ ದಾಸ್ತಾನಿನ ಭಾಗ ಅದು. ಚೌಕದಲ್ಲಿ, ನವಾಬರ ಅಂಗಳದಲ್ಲಿ ರಾತ್ರಿಯಿಡೀ ಬಾಯಲ್ಲಿ ಹೇಳುತ್ತಿದ್ದ ಕತೆ ಈಗ ಅಚ್ಚಿಗೆ ಬಂದಿತ್ತು. ಗೋರಖಪುರದ ಹುಡುಗನೊಬ್ಬ ಅದನ್ನು ಹೊಗೆಸೊಪ್ಪಿನ ಅಂಗಡಿಯಲ್ಲಿ ಕೂತು ಕೇಳುತ್ತಿದ್ದ. ಮುಂದೆ ಅವನೇ ಪ್ರೇಮಚಂದ್ ಆದ.

ದಾಸ್ತಾನಿನಲ್ಲಿ ಎರಡು ವಸ್ತುಗಳು ಮುಖ್ಯ. ಒಂದು ತಿಲಿಸ್ಮು: ಮಾಂತ್ರಿಕನು ಕಟ್ಟಿದ ಲೋಕ. ಅದರ ಆಕಾಶ ಬೇರೆ, ನದಿ ಬೇರೆ, ಕಟ್ಟಳೆ ಬೇರೆ. ಒಳಗೆ ಸಿಕ್ಕಿಕೊಂಡರೆ ಹೊರಬರಲಾಗದು. ಯಾವನ ಹೆಸರಿಗೆ ಅದರ ಮುರಿಯುವಿಕೆ ಬರೆದಿದೆಯೋ ಅವನೊಬ್ಬನೇ ಮುರಿಯಬಲ್ಲ, ಅವನಿಗೂ ದಾರಿ ಹೇಳುವ ಒಂದು ಫಲಕ ಬೇಕು. ಇನ್ನೊಂದು ಐಯಾರ: ವೇಷ ಬದಲಿಸುವ, ಮೂರ್ಛೆ ತಪ್ಪಿಸುವ, ಗೋಡೆ ಹತ್ತುವ ಚತುರ. ಖತ್ರಿ ಎರಡನ್ನೂ ಎತ್ತಿಕೊಂಡರು. ಮಾಂತ್ರಿಕನನ್ನು ಮಾತ್ರ ಬಿಟ್ಟರು.

ಬಿಟ್ಟ ಮೇಲೆ ಕಷ್ಟ ಶುರು. ಮಾಂತ್ರಿಕನಿದ್ದರೆ ಬರಹಗಾರನಿಗೆ ಸುಖ. ಗೋಡೆ ಯಾಕೆ ಬಾಯಿ ಬಿಟ್ಟಿತು ಎಂದರೆ ಮಂತ್ರ ಹಾಕಿದ್ದಕ್ಕೆ ಬಿಟ್ಟಿತು, ಮುಗಿಯಿತು. ಮಂತ್ರವಿಲ್ಲದಿದ್ದರೆ ಪ್ರತಿಯೊಂದಕ್ಕೂ ಕಾರಣ ಒದಗಿಸಬೇಕು. ಖತ್ರಿಯವರ ತಿಲಿಸ್ಮಿನಲ್ಲಿ ಕಾರಣವೆಂದರೆ ಯಂತ್ರ: ಕೀಲು, ಸರಪಣಿ, ಅಡಗಿಸಿಟ್ಟ ಮೆಟ್ಟಿಲು, ರಸಾಯನದ ಮಸಾಲೆ. ಪಾಳುಮನೆಯಲ್ಲಿ ಕಲ್ಲಿನ ಕೊಕ್ಕರೆಯೊಂದು ನಿಂತಿದೆ, ಹತ್ತಿರ ಹೋದವರನ್ನು ಬಾಯಿ ತೆರೆದು ನುಂಗುತ್ತದೆ. ಓದುಗನಿಗೆ ಮೊದಲು ಅದು ಮಾಯೆಯೇ. ನೂರಾರು ಪುಟ ಕಳೆದ ಮೇಲೆ, ಅದು ಕುಶಲಿಗಳು ಮಾಡಿಟ್ಟ ಕೈಚಳಕ ಎಂದು ತಿಳಿಯುತ್ತದೆ. ನಡುವಿನ ಆ ನೂರಾರು ಪುಟಗಳಲ್ಲಿ ಓದುಗನೂ ತಿಲಿಸ್ಮಿನಲ್ಲಿ ಸಿಕ್ಕಿಕೊಂಡವನೇ.

ಇಂದು ಫ್ಯಾಂಟಸಿ ಕಾದಂಬರಿ ಬರೆಯ ಹೊರಟ ಹೊಸಬರು ಮೊದಲು ನಕ್ಷೆ ಬರೆಯುತ್ತಾರೆ. ಪರ್ವತಕ್ಕೊಂದು ಹೆಸರು, ನದಿಗೊಂದು ಹೆಸರು, ರಾಜವಂಶದ ಪಟ್ಟಿ. ಕತೆ ಆಮೇಲೆ, ಎಷ್ಟೋ ಸಲ ಬರುವುದೇ ಇಲ್ಲ. ಖತ್ರಿಯವರಿಗೆ ನಕ್ಷೆಯ ಅಗತ್ಯ ಬೀಳಲಿಲ್ಲ, ಅದು ಕಾಲಿನಲ್ಲಿತ್ತು. ನೌಗಢ, ವಿಜಯಗಢ, ಚುನಾರ್: ಮೂರೂ ನಿಜವಾದ ಊರುಗಳು. ನೌಗಢದ ರಾಜಕುಮಾರ ವೀರೇಂದ್ರಸಿಂಗ್, ವಿಜಯಗಢದ ರಾಜಕುಮಾರಿ ಚಂದ್ರಕಾಂತಾ, ಅವಳ ಮೇಲೆ ಕಣ್ಣಿಟ್ಟ ಚುನಾರಿನ ರಾಜ ಶಿವದತ್ತ. ಕತೆ ತೆರೆದುಕೊಳ್ಳುವುದು ಬೆಟ್ಟದ ಬುಡದಲ್ಲಿ, ಸಂಜೆ ಹೊತ್ತು, ಬಂಡೆಯ ಮೇಲೆ ಕೂತು ಮಾತಾಡುತ್ತಿರುವ ಇಬ್ಬರೊಂದಿಗೆ. ಒಬ್ಬ ವೀರೇಂದ್ರ, ಇನ್ನೊಬ್ಬ ಅವನ ಐಯಾರ ತೇಜಸಿಂಗ್. ಲೋಕದ ಹುಟ್ಟು, ದೇವತೆಗಳ ಜಗಳ, ಪ್ರಾಚೀನ ಯುದ್ಧ ಯಾವುದೂ ಇಲ್ಲ. ಇಬ್ಬರು ಗೆಳೆಯರು, ಒಂದು ಹುಡುಗಿಯ ಚಿಂತೆ. ಲೋಕ ಆಮೇಲೆ ಬೇಕಾದಷ್ಟೇ ಬೆಳೆಯುತ್ತದೆ.

ಅದು ಹೇಗೆ ಬೆಳೆಯುತ್ತದೆ ಎಂಬುದನ್ನು ಒಂದು ಕಡೆ ಬಹಳ ಸ್ಪಷ್ಟವಾಗಿ ಕಾಣಬಹುದು. ಖತ್ರಿಯವರ ಲೋಕದಲ್ಲಿ ಐಯಾರರ ನಡುವೆ ಒಂದು ಕಟ್ಟಳೆಯಿದೆ: ಸಿಕ್ಕಿಬಿದ್ದ ಐಯಾರನನ್ನು ಕೊಲ್ಲುವಂತಿಲ್ಲ, ಸೆರೆಯಲ್ಲಿಡಬೇಕು. ಒಂದೇ ಸಾಲಿನ ಕಟ್ಟಳೆ. ಆದರೆ ಇದರ ಬಾಲ ಉದ್ದ. ಕೊಲ್ಲುವಂತಿಲ್ಲ ಎಂದ ಮೇಲೆ ಸೆರೆಮನೆ ಬೇಕು. ಸಾಮಾನ್ಯ ಸೆರೆಮನೆ ಐಯಾರನಿಗೆ ಸಾಲದು. ಕಾವಲುಗಾರನ ವೇಷದಲ್ಲೇ ಹೊರಬಂದಾನು. ಹಾಗಾಗಿ ತೇಜಸಿಂಗನಿಗೆ ಗುಡ್ಡದೊಳಗೆ ಒಂದು ಗುಟ್ಟಿನ ಗುಹೆ ಬೇಕು. ಗುಹೆಗೆ ಬಾಗಿಲು ಬೇಕು, ಬಾಗಿಲಿಗೆ ಬೀಗ. ಬೀಗವೆಂದರೆ ಸಿಂಹದ ಮುಖ, ಅದರ ನಾಲಿಗೆ ಹಿಡಿದೆಳೆದರೆ ತೆರೆಯುತ್ತದೆ. ಇನ್ನು ಗುಟ್ಟು ಇದ್ದ ಮೇಲೆ ಅದನ್ನು ಕದಿಯುವವನು ಬರಲೇಬೇಕು, ಬರುತ್ತಾನೆ. ಗುತ್ತಿಗೆದಾರ ನೋಡಿದ ಗುಹೆಗಳಿಗೆ ಹೀಗೆ ಕತೆಯೊಳಗೆ ಕೆಲಸ ಸಿಕ್ಕಿತು.

ಐಯಾರನ ಹೆಗಲ ಚೀಲದ್ದೂ ಇದೇ ಕತೆ. ಬಟುವಾ ಎನ್ನುವ ಆ ಚೀಲದಲ್ಲಿ ಮೂರ್ಛೆಯ ಪುಡಿ, ಮೂರ್ಛೆ ತಿಳಿಸುವ ಲಖಲಖಾ, ಬಣ್ಣ, ಮೇಣದ ಬತ್ತಿ ಇವೆಲ್ಲ ಇರುತ್ತವೆ. ಕೈಗೆ ಕಮಂದ, ಎಂದರೆ ಎಸೆದು ಹತ್ತುವ ಹಗ್ಗ. ಇವುಗಳ ವಿವರಣೆಗೆ ಖತ್ರಿ ಪುಟ ಖರ್ಚು ಮಾಡುವುದಿಲ್ಲ. ಒಂದು ಸಲ ತೇಜಸಿಂಗ್ ಲಖಲಖಾ ಮೂಸಿಸುತ್ತಾನೆ, ಬಿದ್ದವನು ಕಣ್ಣು ಬಿಡುತ್ತಾನೆ. ಮೂರನೆಯ ಸಲದ ಹೊತ್ತಿಗೆ ಓದುಗನೇ 'ಲಖಲಖಾ ತೆಗೆ' ಎನ್ನುವ ಹಂತಕ್ಕೆ ಬಂದಿರುತ್ತಾನೆ. ಹೆಣ್ಣು ಐಯಾರರೂ ಇದ್ದಾರೆ, ಚಪಲಾ ಮತ್ತು ಚಂಪಾ. ಚಪಲಾ ಚಂದ್ರಕಾಂತಾಳ ಸಖಿ, ಮತ್ತು ಬಹಳ ಕಡೆ ಕತೆಯ ಅತ್ಯಂತ ಚುರುಕು ತಲೆ. ರಾಜಕುಮಾರಿಗಿಂತ ಅವಳೇ ನೆನಪಿನಲ್ಲಿ ಉಳಿಯುತ್ತಾಳೆ ಎಂದರೆ ತಪ್ಪಿಲ್ಲ.

ಮುನ್ನುಡಿಯಲ್ಲಿ ಖತ್ರಿ ಐಯಾರರನ್ನು ಯಾಕೆ ತಂದೆ ಎಂದು ಹೇಳಿಕೊಳ್ಳುತ್ತಾರೆ. ಹಿಂದಿನ ರಾಜರ ಆಸ್ಥಾನಗಳಲ್ಲಿ ಐಯಾರರೂ ನೌಕರರಾಗಿದ್ದರು, ಎಲ್ಲ ವಿದ್ಯೆ ಬಲ್ಲವರು, ರಾಜರಿಗೆ ಜಗಳ ಬಂದಾಗ ರಕ್ತ ಸುರಿಸದೆ, ಸೇನೆಯ ಪ್ರಾಣ ಕಳೆಯದೆ ಯುದ್ಧ ಮುಗಿಸುತ್ತಿದ್ದರು. ಹಿಂದಿಯಲ್ಲಿ ಅವರ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಸುಮ್ಮನೆ ಓದಿದರೆ ಇದು ಹೊಸ ಸರಕಿನ ಜಾಹೀರಾತು. ಆದರೆ ಬರೆದ ಕಾಲ ನೆನೆಯಬೇಕು. 1857 ಕಳೆದು ಆಗ ಸುಮಾರು ಮೂವತ್ತು ವರ್ಷವಷ್ಟೇ ಆಗಿತ್ತು. ಸೇನೆಗಳ ಪ್ರಾಣ ಹೋದದ್ದು ಅದೇ ಸೀಮೆಯಲ್ಲಿ. ಕತೆಯಲ್ಲಿ ಶಿವದತ್ತ ಆಳುವ ಚುನಾರಿನ ಕೋಟೆ ನಿಜದಲ್ಲಿ ಹದಿನೆಂಟನೆಯ ಶತಮಾನದಿಂದಲೂ ಇಂಗ್ಲಿಷರ ಕೈಯಲ್ಲಿತ್ತು. ಊರುಗಳೆಲ್ಲ ನಿಜ, ಗುಡ್ಡ ನಿಜ, ನದಿ ನಿಜ. ಇಂಗ್ಲಿಷರು ಮಾತ್ರ ಇಲ್ಲವೇ ಇಲ್ಲ. ಖತ್ರಿ ಕಟ್ಟಿದ ಲೋಕದಲ್ಲಿ ದೊಡ್ಡ ಕಲ್ಪನೆ ಕೊಕ್ಕರೆಯಲ್ಲ, ಈ ಗೈರುಹಾಜರಿ.

ಇದನ್ನು ಅವರು ಬೇಕೆಂದೇ ಮಾಡಿದರೋ ಕತೆಯ ಅನುಕೂಲಕ್ಕೆ ಮಾಡಿದರೋ, ಓದಿದವರಿಗೆ ಅದು ಹಿಡಿಸಿತು. ಇಲ್ಲೊಂದು ಭಾಷೆಯ ಸಂಗತಿಯೂ ಇದೆ. ಹಿಂದಿಯ ಮೊದಲ ಕಾದಂಬರಿ ಎನಿಸಿದ ಲಾಲಾ ಶ್ರೀನಿವಾಸದಾಸರ 'ಪರೀಕ್ಷಾಗುರು' ಬಂದದ್ದು 1882ರಲ್ಲಿ. ನಾಗರಿ ಲಿಪಿಯಲ್ಲಿ ಸಂತೋಷಕ್ಕಾಗಿ ಓದುವವರು ಆಗ ಕಡಿಮೆ. ಕಚೇರಿಯ ಭಾಷೆ ಉರ್ದು, ಓದಿದವರ ಕೈಯಲ್ಲಿ ಉರ್ದು ಪುಸ್ತಕ. ಮುಂದೆ ಸಂಯುಕ್ತ ಪ್ರಾಂತ್ಯ ಎನಿಸಿದ ಸೀಮೆಯ ನ್ಯಾಯಾಲಯಗಳಿಗೆ ನಾಗರಿ ಪ್ರವೇಶ ಪಡೆದದ್ದು 1900ರಲ್ಲಿ, ದೊಡ್ಡ ಹೋರಾಟದ ನಂತರ. ಇಂಥ ಹೊತ್ತಿನಲ್ಲಿ ಖತ್ರಿ ಸಂಸ್ಕೃತ ತುಂಬಿದ ಹಿಂದಿ ಬರೆಯಲಿಲ್ಲ. ಪಾರಸಿ ಪದಗಳನ್ನು ಹಾಗೇ ಬಿಟ್ಟು, ಬಜಾರಿನ ಮಾತನ್ನು ನಾಗರಿಯಲ್ಲಿ ಇಟ್ಟರು. ಉರ್ದು ಬಲ್ಲವನಿಗೆ ಭಾಷೆ ತನ್ನದೇ, ಹೊಸದು ಲಿಪಿ ಮಾತ್ರ. ಕತೆ ಮುಂದೇನಾಯಿತು ಎಂದು ತಿಳಿಯಬೇಕಾದರೆ ಅಕ್ಷರ ಕಲಿಯಬೇಕು. ಜನ ಕಲಿತರು.

ಕನ್ನಡದಲ್ಲೂ ಅದೇ ಕಾಲಕ್ಕೆ ಇಂಥದೊಂದು ನಡೆಯುತ್ತಿತ್ತು. ಬಿ. ವೆಂಕಟಾಚಾರ್ಯರು ಬಂಕಿಮಚಂದ್ರರನ್ನು ಬಂಗಾಳಿಯಿಂದ ತಂದು ಓದುಗರನ್ನು ಕಟ್ಟುತ್ತಿದ್ದರು, ಸ್ವಲ್ಪ ಕಾಲದ ಮೇಲೆ ಉತ್ತರ ಕರ್ನಾಟಕದಲ್ಲಿ ಗಳಗನಾಥರು ಅದೇ ಕೆಲಸ ಮಾಡಿದರು. ಅವರದು ಇತಿಹಾಸದ ದಾರಿ, ಖತ್ರಿಯವರದು ತಿಲಿಸ್ಮಿನ ದಾರಿ. ಓದುಗ ಹುಟ್ಟುವುದಕ್ಕೆ ಮೊದಲು ಸಾಹಿತ್ಯ ಹುಟ್ಟಬೇಕಾದ ಇಕ್ಕಟ್ಟು ಇಬ್ಬರಿಗೂ ಒಂದೇ.

ವಿಮರ್ಶಕರು ಸುಲಭವಾಗಿ ಒಪ್ಪಲಿಲ್ಲ. ಆಚಾರ್ಯ ರಾಮಚಂದ್ರ ಶುಕ್ಲರು 1929ರಲ್ಲಿ ಹೊರಬಂದ ತಮ್ಮ ಹಿಂದಿ ಸಾಹಿತ್ಯ ಚರಿತ್ರೆಯಲ್ಲಿ ಒಂದು ವಿಚಿತ್ರ ತೀರ್ಪು ಕೊಟ್ಟರು. ಈ ಕಾದಂಬರಿಗಳಲ್ಲಿ ಬರೀ ಘಟನೆ, ರಸವಿಲ್ಲ, ಪಾತ್ರವಿಲ್ಲ, ಹಾಗಾಗಿ ಇವು ಸಾಹಿತ್ಯದ ಕೋಟಿಗೆ ಸೇರುವುದಿಲ್ಲ. ಆದರೆ ಖತ್ರಿಯವರಷ್ಟು ಓದುಗರನ್ನು ಬೇರೆ ಯಾವ ಗ್ರಂಥಕಾರನೂ ಹುಟ್ಟಿಸಲಿಲ್ಲ, ಇದನ್ನು ಓದಲಿಕ್ಕೆಂದೇ ಅಸಂಖ್ಯ ಉರ್ದುವಂತರು ಹಿಂದಿ ಕಲಿತರು, ಹಾಗಾಗಿ ಚರಿತ್ರೆ ಅವರನ್ನು ಮರೆಯುವಂತಿಲ್ಲ. ಮನೆಯೊಳಗೆ ಕರೆಯುವುದಿಲ್ಲ, ಆದರೆ ಮನೆ ಕಟ್ಟಿಸಿದ್ದು ಇವರೇ ಎಂದಂತಾಯಿತು. ಪಾತ್ರಗಳ ಮಾತಿನಲ್ಲಿ ಶುಕ್ಲರು ಪೂರ್ತಿ ತಪ್ಪಲ್ಲ. ವೀರೇಂದ್ರಸಿಂಗ್ ವಿರಹದಲ್ಲಿ ಬಾಡುವುದನ್ನು ಬಿಟ್ಟರೆ ಬಹಳ ಕಾಲ ಹೆಚ್ಚೇನೂ ಮಾಡುವುದಿಲ್ಲ.

'ಚಂದ್ರಕಾಂತಾ' ನಾಲ್ಕು ಭಾಗಕ್ಕೆ ಮುಗಿಯಿತು. ಲೋಕ ಮುಗಿಯಲಿಲ್ಲ. ಮುಂದಿನ ಪೀಳಿಗೆಯ ಕತೆ 'ಚಂದ್ರಕಾಂತಾ ಸಂತತಿ' ಇಪ್ಪತ್ತನಾಲ್ಕು ಭಾಗಗಳಿಗೆ ಹಬ್ಬಿತು. ಖತ್ರಿ 1898ರಲ್ಲಿ ಬನಾರಸಿನಲ್ಲಿ ತಮ್ಮದೇ ಲಹರಿ ಪ್ರೆಸ್ ಹಾಕಿದರು. ಈಗ ತಿಲಿಸ್ಮುಗಳು ದೊಡ್ಡವಾದವು, ಒಂದರೊಳಗೊಂದು ಸೇರಿದವು, ಮತ್ತು ಆ ಹಳೆಯ ಕಷ್ಟವೂ ಅದೇ ಪ್ರಮಾಣದಲ್ಲಿ ಬೆಳೆಯಿತು. ಪ್ರತಿ ಬೆರಗಿಗೂ ಕಾರಣ ಕೊಡುತ್ತೇನೆಂದು ಮೊದಲ ಪುಸ್ತಕದಲ್ಲಿ ಮಾಡಿಕೊಂಡ ಒಪ್ಪಂದವನ್ನು ಇಪ್ಪತ್ತನೆಯ ಭಾಗದಲ್ಲೂ ತೀರಿಸಬೇಕಲ್ಲ. ಇಂಥದ್ದೆಲ್ಲ ಸಾಧ್ಯವೇ ಎಂಬ ಆಕ್ಷೇಪ ಪತ್ರಿಕೆಗಳಲ್ಲಿ ಬಂತು. 'ಸಂತತಿ'ಯ ಕೊನೆಗೆ ಖತ್ರಿ ಉತ್ತರಿಸಲು ಕೂತರು. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಕಾಲ ದೇಶದ ಮೇಲೆ ನಿಂತಿದೆ, ರೈಲು ತಂತಿಗಳನ್ನು ಅಜ್ಜಂದಿರು ನಂಬುತ್ತಿದ್ದರೇ ಎಂಬ ದಾರಿಯ ಉತ್ತರ ಅದು. ಗುತ್ತಿಗೆದಾರನ ಉತ್ತರವೂ ಹೌದು. ಕೀಲು ಕೊಟ್ಟಿದ್ದೇನೆ, ತಿರುಗುತ್ತದೋ ಇಲ್ಲವೋ ನೀವೇ ನೋಡಿ.

'ಸಂತತಿ'ಯಲ್ಲಿ ಭೂತನಾಥ ಎಂಬ ಐಯಾರ ಬರುತ್ತಾನೆ. ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಹಿಂದೆ ಏನೋ ಮಾಡಿದ್ದಾನೆ, ಅದು ಅವನ ಬೆನ್ನು ಬಿಡುವುದಿಲ್ಲ. ಶುಕ್ಲರು ಪಾತ್ರವಿಲ್ಲ ಎಂದ ಕಡೆ ಪಾತ್ರ ಹುಟ್ಟಿದ್ದು ಇಲ್ಲಿ. ಅವನ ಹಿಂದಿನ ಕತೆ ಹೇಳಲು ಖತ್ರಿ 'ಭೂತನಾಥ' ಶುರುಮಾಡಿದರು. ಕಟ್ಟಿದ ಲೋಕಕ್ಕೆ ಈಗ ಹಿಂದಕ್ಕೆ ನಡೆದು ಅಡಿಪಾಯ ಹಾಕುವ ಕೆಲಸ, ಮುಂದೆ ಈಗಾಗಲೇ ಅಚ್ಚಾಗಿರುವ ಸಾವಿರಾರು ಪುಟಗಳಿಗೆ ಎಲ್ಲೂ ತಗುಲದಂತೆ. 1913ರಲ್ಲಿ ಅದು ಅರ್ಧದಲ್ಲಿರುವಾಗಲೇ ತೀರಿಕೊಂಡರು. ಮಗ ದುರ್ಗಾಪ್ರಸಾದ ಖತ್ರಿ ಉಳಿದದ್ದನ್ನು ಬರೆದು ಮುಗಿಸಿದರು.

ಈಗಿನ ಉತ್ತರ ಪ್ರದೇಶದಲ್ಲಿ ನೌಗಢ ಚಂದೌಲಿ ಜಿಲ್ಲೆಗೆ ಸೇರಿದೆ, ವಿಜಯಗಢ ಸೋನಭದ್ರಕ್ಕೆ, ಚುನಾರ್ ಮಿರ್ಜಾಪುರಕ್ಕೆ. ಸೋನಭದ್ರದ ಗುಡ್ಡದ ಮೇಲಿನ ಆ ಪಾಳು ಕೋಟೆಯನ್ನು ನೋಡಲು ಹೋದವರಿಗೆ ಅಲ್ಲಿಯ ಜನ ತೋರಿಸುವುದು ಚಂದ್ರಕಾಂತಾಳ ಕೋಟೆ ಎಂದೇ. ಅವಳು ಇದ್ದಳು, ಇಲ್ಲೇ ಇದ್ದಳು.