ಸಾರ್ವಜನಿಕ ಟೆಲಿವಿಷನ್: ನಿಲಯದಿಂದ ನಿಲಯಕ್ಕೆ ಸಾಗಿದ ವಿಚಾರ

ಅಮೆರಿಕದ ಸಾರ್ವಜನಿಕ ಟೆಲಿವಿಷನ್ ಎಂದೊಡನೆ ನಮ್ಮ ದೂರದರ್ಶನದಂತಹ ಒಂದು ಕೇಂದ್ರೀಯ ಸಂಸ್ಥೆಯನ್ನು ಕಲ್ಪಿಸಿಕೊಳ್ಳುವುದು ಸಹಜ. ವಸ್ತುಸ್ಥಿತಿ ಬೇರೆಯೇ ಇದೆ. ಅಲ್ಲಿ ಮೊದಲು ಹುಟ್ಟಿದ್ದು ನಿಲಯಗಳು. ಜಾಲ ಬಂದದ್ದು ಬಹಳ ತಡವಾಗಿ. ಒಂದು ನಿಲಯ ವಿಶ್ವವಿದ್ಯಾಲಯದ ಒಡೆತನದಲ್ಲಿದ್ದರೆ ಇನ್ನೊಂದು ರಾಜ್ಯ ಸರ್ಕಾರದ ಅಧೀನದಲ್ಲಿರುತ್ತದೆ, ಮತ್ತೊಂದನ್ನು ಊರಿನ ಗಣ್ಯರು ಸೇರಿ ಕಟ್ಟಿದ ಲಾಭರಹಿತ ಸಂಸ್ಥೆ ನಡೆಸುತ್ತದೆ. ಆಜ್ಞೆ ಮಾಡುವ ಮೇಲಧಿಕಾರಿ ಇಲ್ಲದ ಇಂತಹ ವ್ಯವಸ್ಥೆಯಲ್ಲಿ ಕಾರ್ಯಕ್ರಮ ನಿರ್ಮಾಪಕರು, ತಂತ್ರಜ್ಞರು, ವ್ಯವಸ್ಥಾಪಕರು, ನಿಧಿ ಸಂಗ್ರಹಕಾರರು ಪರಸ್ಪರರಿಂದಲೇ ಕಲಿಯಬೇಕಾಯಿತು. ಆ ಒಡನಾಟದ ಇತಿಹಾಸ ಟೆಲಿವಿಷನ್ನಿಗಿಂತಲೂ ಹಳೆಯದು.

1925ರಲ್ಲಿ ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ರೇಡಿಯೋ ನಿಲಯಗಳು ಒಂದು ಸಂಘವನ್ನು ಸ್ಥಾಪಿಸಿಕೊಂಡವು. 1934ರಲ್ಲಿ ಅದು ಶೈಕ್ಷಣಿಕ ಪ್ರಸಾರಕರ ರಾಷ್ಟ್ರೀಯ ಸಂಘ ಎಂಬ ಹೆಸರನ್ನು ಪಡೆಯಿತು. ಎನ್‌ಎಇಬಿ ಎಂಬ ಸಂಕ್ಷಿಪ್ತ ನಾಮದಿಂದ ಪರಿಚಿತವಾದ ಈ ಸಂಘಕ್ಕೆ ಆರಂಭದ ವರ್ಷಗಳಲ್ಲಿ ಹಣವಾಗಲಿ ಅಧಿಕಾರವಾಗಲಿ ಹೆಚ್ಚಿರಲಿಲ್ಲ. ವಾಣಿಜ್ಯ ರೇಡಿಯೋದ ಅಬ್ಬರದಲ್ಲಿ ಒಂದೊಂದಾಗಿ ಮುಚ್ಚಿಹೋಗುತ್ತಿದ್ದ ನಿಲಯಗಳ ಸಿಬ್ಬಂದಿಗೆ ಪತ್ರ ಬರೆದು ಕಷ್ಟಸುಖ ವಿಚಾರಿಸುವ ಒಂದು ವಿಳಾಸವಾಗಿ ಅದು ಉಳಿದುಕೊಂಡಿತು.

ಸಂಘದ ಬದುಕಿನಲ್ಲಿ ತಿರುವು ಬಂದದ್ದು 1949ರಲ್ಲಿ. ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಸೇರಿದ ಅಲರ್ಟನ್ ಹೌಸ್ ಎಂಬ ಗ್ರಾಮಾಂತರ ಬಂಗಲೆಯಲ್ಲಿ, ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯದಿಂದ, ಶೈಕ್ಷಣಿಕ ಪ್ರಸಾರಕರ ವಿಚಾರ ಸಂಕಿರಣವೊಂದು ನಡೆಯಿತು. ಸಂವಹನ ಶಾಸ್ತ್ರಜ್ಞ ವಿಲ್ಬರ್ ಶ್ರಾಮ್ ಇದರ ಸಂಘಟಕರಲ್ಲಿ ಪ್ರಮುಖರು. ಅದುವರೆಗೆ ಒಬ್ಬರಿಗೊಬ್ಬರು ಕಾಗದದಲ್ಲಷ್ಟೇ ಪರಿಚಿತರಾಗಿದ್ದವರು ಇಲ್ಲಿ ಒಂದೇ ಮೇಜಿನ ಸುತ್ತ ಕುಳಿತು, ತಮ್ಮ ವೃತ್ತಿಯ ಉದ್ದೇಶವೇನು, ಪಾಠ ಹೇಳುವುದೇ ಅಥವಾ ಸಾರ್ವಜನಿಕ ಬದುಕನ್ನು ಪ್ರತಿಬಿಂಬಿಸುವುದೇ ಎಂಬ ಪ್ರಶ್ನೆಯನ್ನು ದಿನಗಟ್ಟಲೆ ಚರ್ಚಿಸಿದರು. ಮರುವರ್ಷ ಎರಡನೆಯ ಸಂಕಿರಣವೂ ಅಲ್ಲಿಯೇ ನಡೆಯಿತು. ಇದೇ ವಲಯದ ಒತ್ತಾಯದ ಫಲವಾಗಿ, ಫೆಡರಲ್ ಸಂಪರ್ಕ ಆಯೋಗದ ಪ್ರಥಮ ಮಹಿಳಾ ಸದಸ್ಯೆ ಫ್ರೀಡಾ ಹೆನಾಕ್ ಅವರ ಪಟ್ಟುಬಿಡದ ವಾದವೂ ಸೇರಿ, 1952ರ ಏಪ್ರಿಲ್‌ನಲ್ಲಿ 242 ಟೆಲಿವಿಷನ್ ಚಾನೆಲ್‌ಗಳನ್ನು ವಾಣಿಜ್ಯೇತರ ಬಳಕೆಗೆಂದು ಕಾಯ್ದಿರಿಸಲಾಯಿತು. ಮರುವರ್ಷ ಮೇ 25ರಂದು ಹ್ಯೂಸ್ಟನ್ನಿನ ಕೆಯುಎಚ್‌ಟಿ ಮೊದಲ ಶೈಕ್ಷಣಿಕ ಟೆಲಿವಿಷನ್ ನಿಲಯವಾಗಿ ಪ್ರಸಾರ ಆರಂಭಿಸಿತು.

ಅಂಚೆಯ ಜಾಲ

ಚಾನೆಲ್ ಸಿಕ್ಕಿತು, ತೋರಿಸುವುದೇನನ್ನು? ಸಣ್ಣ ನಿಲಯವೊಂದು ದಿನಕ್ಕೆ ಕೆಲವು ಗಂಟೆಗಳ ಕಾರ್ಯಕ್ರಮವನ್ನೂ ಸ್ವಂತ ಬಲದಿಂದ ತಯಾರಿಸಲಾರದು. ವಾಣಿಜ್ಯ ಜಾಲಗಳಂತೆ ದೂರವಾಣಿ ಕಂಪನಿಯ ತಂತಿಯನ್ನು ಬಾಡಿಗೆಗೆ ಪಡೆಯುವ ಶಕ್ತಿಯೂ ಇರಲಿಲ್ಲ. ಫೋರ್ಡ್ ಪ್ರತಿಷ್ಠಾನದ ನೆರವಿನಿಂದ 1952ರಲ್ಲಿ ಸ್ಥಾಪಿತವಾಗಿ ಮಿಷಿಗನ್‌ನ ಆ್ಯನ್ ಆರ್ಬರ್‌ನಲ್ಲಿ ನೆಲೆಸಿದ ಕೇಂದ್ರವೊಂದು, ಮುಂದೆ ಎನ್‌ಇಟಿ ಎಂದು ಹೆಸರಾದದ್ದು, ಇದಕ್ಕೆ ಅಗ್ಗದ ಉಪಾಯವನ್ನು ಅನುಸರಿಸಿತು. ಟೆಲಿವಿಷನ್ ಪರದೆಯಿಂದ ಚಿತ್ರೀಕರಿಸಿಕೊಂಡ ಕೈನೆಸ್ಕೋಪ್ ಫಿಲ್ಮುಗಳನ್ನು ಅಂಚೆಯಲ್ಲಿ ಕಳುಹಿಸುವುದು, ಒಂದು ನಿಲಯ ಪ್ರಸಾರ ಮಾಡಿದ ಮೇಲೆ ಮುಂದಿನ ನಿಲಯಕ್ಕೆ ರವಾನಿಸುವುದು. ಈ ಪದ್ಧತಿಗೆ 'ಬೈಸಿಕ್ಲಿಂಗ್' ಎಂಬ ಹೆಸರಿತ್ತು. ಒಂದೇ ಸಿನಿಮಾದ ರೀಲುಗಳನ್ನು ಎರಡು ಚಿತ್ರಮಂದಿರಗಳ ನಡುವೆ ಸೈಕಲ್ಲಿನಲ್ಲಿ ಹೊತ್ತು ಓಡುತ್ತಿದ್ದ ಹಳೆಯ ರೂಢಿಯಿಂದ ಬಂದ ಮಾತು ಅದು. ಟೂರಿಂಗ್ ಟಾಕೀಸಿನ ಕಾಲವನ್ನು ಕಂಡ ಕನ್ನಡಿಗರಿಗೆ ಇದರ ವಿವರಣೆ ಬೇಕಾಗಲಾರದು.

ಹೀಗೆ ಸಾಗಿದ ಫಿಲ್ಮು ಪೂರ್ವ ತೀರದಲ್ಲಿ ಒಂದು ತಿಂಗಳು, ಪಶ್ಚಿಮದಲ್ಲಿ ಮತ್ತೊಂದು ತಿಂಗಳು ಕಾಣಿಸಿಕೊಳ್ಳುತ್ತಿತ್ತು. ಪ್ರಚಲಿತ ವಿದ್ಯಮಾನಗಳ ಚರ್ಚೆ ಕೊನೆಯ ನಿಲಯವನ್ನು ತಲುಪುವ ವೇಳೆಗೆ ಹಳಸಿಹೋಗುತ್ತಿದ್ದುದೂ ಉಂಟು. ಆದರೆ ದೂರದೂರದ ಊರುಗಳ ನಿರ್ಮಾಪಕರು ತಮ್ಮಂತೆಯೇ ಕಡಿಮೆ ಹಣದಲ್ಲಿ ದುಡಿಯುತ್ತಿದ್ದ ಇತರರ ಕೆಲಸವನ್ನು ಕಣ್ಣಾರೆ ನೋಡುವ ಅವಕಾಶ ಪಡೆದದ್ದು ಇದರಿಂದಲೇ. ಬೇರೆ ಶಾಲೆ ಅವರಿಗಿರಲಿಲ್ಲ.

ಹರಾಜಿನ ಯುಕ್ತಿ

ಕಾರ್ಯಕ್ರಮಗಳಷ್ಟೇ ಅಲ್ಲ, ಬದುಕುಳಿಯುವ ಯುಕ್ತಿಗಳೂ ಒಂದು ನಿಲಯದಿಂದ ಇನ್ನೊಂದಕ್ಕೆ ಹರಡಿದವು. ಸ್ಯಾನ್ ಫ್ರಾನ್ಸಿಸ್ಕೋದ ಕೆಕ್ಯುಇಡಿ 1954ರ ಏಪ್ರಿಲ್‌ನಲ್ಲಿ ಪ್ರಸಾರ ಆರಂಭಿಸಿ, ಮರುವರ್ಷವೇ ಮುಚ್ಚುವ ಸ್ಥಿತಿಗೆ ಬಂದಿತ್ತು. ವ್ಯವಸ್ಥಾಪಕ ಜೇಮ್ಸ್ ಡೇ ಮತ್ತು ಕಾರ್ಯಕ್ರಮ ಮುಖ್ಯಸ್ಥ ಜೊನಾಥನ್ ರೈಸ್ ಕೊನೆಯ ಪ್ರಯತ್ನವೆಂಬಂತೆ, ಊರಿನವರು ದಾನವಾಗಿ ಕೊಟ್ಟ ವಸ್ತುಗಳನ್ನು ಕ್ಯಾಮೆರಾದ ಮುಂದೆಯೇ ಹರಾಜು ಹಾಕಿದರು. ನಿಲಯ ಉಳಿಯಿತು. 1960ರ ದಶಕದಲ್ಲಿ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಸೇರಿದಂತೆ ಅನೇಕ ನಿಲಯಗಳು ಅದೇ ಹರಾಜನ್ನು ವಾರ್ಷಿಕ ಉತ್ಸವವಾಗಿಸಿಕೊಂಡವು. ಹಕ್ಕುಸ್ವಾಮ್ಯ ಕೇಳಿದವರಿಲ್ಲ. ಒಬ್ಬರ ವೀಕ್ಷಕರನ್ನು ಇನ್ನೊಬ್ಬರು ಕಸಿಯುವ ಪ್ರಶ್ನೆಯೇ ಇಲ್ಲದಿದ್ದುದರಿಂದ ಗುಟ್ಟು ಮಾಡುವ ಕಾರಣವೂ ಇರಲಿಲ್ಲ. ವಾಣಿಜ್ಯ ಟೆಲಿವಿಷನ್ನಿನಲ್ಲಿ ಈ ಔದಾರ್ಯವನ್ನು ನಿರೀಕ್ಷಿಸುವುದು ಕಷ್ಟ.

ನೆರೆಹೊರೆಯ ಈ ಸಂಬಂಧ ಎಷ್ಟು ಆಳವಾಗಿತ್ತೆಂಬುದಕ್ಕೆ 1961ರ ಅಕ್ಟೋಬರ್ 14ರ ಘಟನೆ ನಿದರ್ಶನ. ಅಂದು ಡಬ್ಲ್ಯುಜಿಬಿಎಚ್‌ನ ಕೇಂಬ್ರಿಡ್ಜ್ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬಾಸ್ಟನ್ನಿನ ಇತರ ಪ್ರಸಾರಕರು, ವಾಣಿಜ್ಯ ನಿಲಯಗಳೂ ಸೇರಿದಂತೆ, ಸ್ಥಳ ಮತ್ತು ಸಲಕರಣೆಗಳನ್ನು ಒದಗಿಸಿದರು. ಪಕ್ಕದ ರಾಜ್ಯ ನ್ಯೂ ಹ್ಯಾಂಪ್‌ಶೈರ್‌ನ ಡರಮ್‌ನಲ್ಲಿದ್ದ ಶೈಕ್ಷಣಿಕ ನಿಲಯವು ಪ್ರಸಾರ ನಿಯಂತ್ರಣದ ಹೊಣೆ ಹೊತ್ತಿತು. ಸ್ವಂತ ಸ್ಟುಡಿಯೋ ಇಲ್ಲದ ಆ ದಿನಗಳಲ್ಲಿಯೇ ಜೂಲಿಯಾ ಚೈಲ್ಡ್ ಅವರ 'ದಿ ಫ್ರೆಂಚ್ ಶೆಫ್' ಅಡುಗೆ ಕಾರ್ಯಕ್ರಮ ವಿದ್ಯುತ್ ಕಂಪನಿಯೊಂದರ ಪ್ರದರ್ಶನ ಅಡುಗೆಮನೆಯಲ್ಲಿ ಚಿತ್ರೀಕರಣಗೊಂಡು, 1963ರಲ್ಲಿ ಪ್ರಸಾರವಾಯಿತು.

ಡಬ್ಲ್ಯುಜಿಬಿಎಚ್‌ನ ವ್ಯವಸ್ಥಾಪಕರಾಗಿದ್ದ ಹಾರ್ಟ್‌ಫರ್ಡ್ ಗನ್ ಅಂಚೆಯ ವಿಳಂಬದಿಂದ ಬೇಸತ್ತು, ಈಶಾನ್ಯ ರಾಜ್ಯಗಳ ನಿಲಯಗಳನ್ನು ನೇರವಾಗಿ ಜೋಡಿಸುವ ಪ್ರಾದೇಶಿಕ ಜಾಲವನ್ನು ಕಟ್ಟುವಲ್ಲಿ ಮುಂದಾಳಾದರು. ಪಿಟ್ಸ್‌ಬರ್ಗ್‌ನ ಡಬ್ಲ್ಯುಕ್ಯುಇಡಿಯಲ್ಲಿ ಫ್ರೆಡ್ ರೋಜರ್ಸ್ ರೂಪಿಸಿದ ಮಕ್ಕಳ ಕಾರ್ಯಕ್ರಮ ತನ್ನ ಊರಿನಾಚೆಗೆ ಹೆಸರಾದದ್ದು ಮೊದಲು ಈ ಪೂರ್ವ ಜಾಲದ ಮೂಲಕ. 1968ರ ಫೆಬ್ರವರಿಯಲ್ಲಿ ಅದು ದೇಶದಾದ್ಯಂತ ಪ್ರಸಾರವಾಗತೊಡಗಿತು. ಜಾಲವು ಕಾಲಾಂತರದಲ್ಲಿ ಅಮೆರಿಕನ್ ಪಬ್ಲಿಕ್ ಟೆಲಿವಿಷನ್ ಎಂಬ ಕಾರ್ಯಕ್ರಮ ವಿತರಣಾ ಸಂಸ್ಥೆಯಾಗಿ ರೂಪಾಂತರಗೊಂಡಿತು.

ನಿಲಯಗಳ ಸಂತೆ

1967ರ ನವೆಂಬರ್ 7ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಸಾರ್ವಜನಿಕ ಪ್ರಸಾರ ಕಾಯಿದೆಗೆ ಸಹಿ ಹಾಕಿದರು. ಸರ್ಕಾರದ ಹಣವನ್ನು ಹಂಚುವ ಸಿಪಿಬಿ ಎಂಬ ನಿಗಮವೂ, 1969ರಲ್ಲಿ ಪಿಬಿಎಸ್ ಎಂಬ ಸಂಸ್ಥೆಯೂ ಅಸ್ತಿತ್ವಕ್ಕೆ ಬಂದವು. ಪಿಬಿಎಸ್‌ನ ಪ್ರಥಮ ಅಧ್ಯಕ್ಷರಾದವರು ಇದೇ ಗನ್. ಕೇಂದ್ರವೇ ಎಲ್ಲವನ್ನೂ ನಿರ್ಧರಿಸಿದರೆ ಶ್ವೇತಭವನದ ಒತ್ತಡಕ್ಕೆ ಒಳಗಾಗುವುದು ಸುಲಭ ಎಂಬ ಭಯ ರಿಚರ್ಡ್ ನಿಕ್ಸನ್ ಆಡಳಿತದ ಅವಧಿಯಲ್ಲಿ ನಿಜವಾಗತೊಡಗಿದಾಗ, ಗನ್ ಒಂದು ವಿಶಿಷ್ಟ ಯೋಜನೆಯನ್ನು ಮುಂದಿಟ್ಟರು. 1974ರಲ್ಲಿ ಜಾರಿಗೆ ಬಂದ ಈ ಸಹಕಾರಿ ಖರೀದಿ ಪದ್ಧತಿಯಲ್ಲಿ, ಪ್ರಸ್ತಾವಿತ ಕಾರ್ಯಕ್ರಮಗಳ ಪಟ್ಟಿಯನ್ನು ಎಲ್ಲ ನಿಲಯಗಳಿಗೂ ಕಳುಹಿಸಲಾಗುತ್ತಿತ್ತು. ಕಾರ್ಯಕ್ರಮ ಮುಖ್ಯಸ್ಥರು ಹಲವು ಸುತ್ತುಗಳಲ್ಲಿ ತಮ್ಮ ಆಯ್ಕೆಯನ್ನು ತಿಳಿಸುತ್ತಿದ್ದರು. ಕೊಳ್ಳುವವರು ಹೆಚ್ಚಿದಂತೆ ತಲಾ ವೆಚ್ಚ ಇಳಿಯುತ್ತಿದ್ದುದರಿಂದ, 'ನೀವು ಇದಕ್ಕೆ ಸೇರಿದರೆ ನಾವು ಅದಕ್ಕೆ ಸೇರುತ್ತೇವೆ' ಎಂಬ ಮಾತುಕತೆ ಅನಿವಾರ್ಯವಾಗಿತ್ತು.

ಪ್ರಜಾಸತ್ತಾತ್ಮಕವಾದ ಈ ಏರ್ಪಾಡಿನ ದೋಷವೂ ಅದರ ಗುಣದಲ್ಲಿಯೇ ಅಡಗಿತ್ತು. ನೂರಾರು ಮಂದಿಯ ಒಪ್ಪಿಗೆ ಬೇಕಾದಲ್ಲಿ ಪರಿಚಿತವಾದದ್ದು ಗೆಲ್ಲುತ್ತದೆ. ಹೊಸತು, ಕಟುವಾದದ್ದು ಹಿಂದೆ ಬೀಳುತ್ತದೆ. ಟೀಕೆಗಳು ಬೆಳೆದು, 1989ರಲ್ಲಿ ಜೆನಿಫರ್ ಲಾಸನ್ ಅವರನ್ನು ರಾಷ್ಟ್ರೀಯ ಕಾರ್ಯಕ್ರಮಗಳ ಮುಖ್ಯಸ್ಥೆಯನ್ನಾಗಿ ನೇಮಿಸಲಾಯಿತು. ಆಯ್ಕೆಯ ಅಧಿಕಾರ ಒಂದು ಕೈಗೆ ಬಂದು, ಸಹಕಾರಿ ಖರೀದಿ ಕೊನೆಗೊಂಡಿತು. ನಷ್ಟವಾದದ್ದು ಮತದಾನಕ್ಕಿಂತ ಹೆಚ್ಚಾಗಿ ಅದರ ನೆಪದಲ್ಲಿ ನಡೆಯುತ್ತಿದ್ದ ಚರ್ಚೆ ಎಂದರೆ ತಪ್ಪಾಗಲಾರದು. ಹಲವು ನಿಲಯಗಳು ಸೇರಿ ನಿರ್ಮಿಸುವ ಪದ್ಧತಿ ಮಾತ್ರ ಬೇರೆ ರೂಪದಲ್ಲಿ ಉಳಿಯಿತು. 1983ರಲ್ಲಿ ಆರಂಭವಾದ ತನಿಖಾ ಸಾಕ್ಷ್ಯಚಿತ್ರ ಸರಣಿ 'ಫ್ರಂಟ್‌ಲೈನ್'ನ ಹಿಂದೆ ಬಾಸ್ಟನ್, ನ್ಯೂಯಾರ್ಕ್, ಸಿಯಾಟಲ್, ಮಯಾಮಿ ಮತ್ತು ಡೆಟ್ರಾಯಿಟ್ ನಿಲಯಗಳ ಒಕ್ಕೂಟವಿತ್ತು.

ಉಪಗ್ರಹದ ಪ್ರವೇಶದೊಂದಿಗೆ ಅಂಚೆಯ ಯುಗ ಸಂಪೂರ್ಣವಾಗಿ ಮುಗಿಯಿತು. 1978ರಲ್ಲಿ ಪಿಬಿಎಸ್ ತನ್ನ ವಿತರಣೆಯನ್ನು ಉಪಗ್ರಹಕ್ಕೆ ವರ್ಗಾಯಿಸಿ, ಹಾಗೆ ಮಾಡಿದ ಅಮೆರಿಕದ ಮೊದಲ ಟೆಲಿವಿಷನ್ ಜಾಲವೆನಿಸಿತು. ಇದಕ್ಕೂ ಮುಂಚೆ, 1974-75ರಲ್ಲಿ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಅಪಲೇಚಿಯ, ರಾಕಿ ಪರ್ವತ ಪ್ರದೇಶ ಹಾಗೂ ಅಲಾಸ್ಕಾಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ಪ್ರಯೋಗಾರ್ಥ ಕಳುಹಿಸಲಾಗಿತ್ತು. ಅದೇ ಉಪಗ್ರಹವನ್ನು ಬಳಿಕ ಪೂರ್ವಕ್ಕೆ ಸರಿಸಿ, 1975ರ ಆಗಸ್ಟ್‌ನಿಂದ ಒಂದು ವರ್ಷ ಭಾರತದ 'ಸೈಟ್' ಪ್ರಯೋಗಕ್ಕೆ ಬಳಸಲಾಯಿತು. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗರು ಕಂಡ ಮೊದಲ ಟೆಲಿವಿಷನ್ ಚಿತ್ರಗಳು ಹೀಗೆ ಅಪಲೇಚಿಯದ ಶಿಕ್ಷಕರಿಗೆ ಪಾಠ ಹೇಳಿದ ಉಪಗ್ರಹದಿಂದಲೇ ಬಂದವು ಎಂಬುದು ಸ್ವಾರಸ್ಯಕರ.

ಬಹುಮಾನವಿಲ್ಲದ ಸಮ್ಮೇಳನ

ಗಡಿಗಳಾಚೆಯ ವಿಚಾರ ವಿನಿಮಯಕ್ಕೆ ವೇದಿಕೆಯಾದದ್ದು 'ಇನ್‌ಪುಟ್' ಸಮ್ಮೇಳನ. ಇಟಲಿಯ ಬೆಲಾಜಿಯೊದಲ್ಲಿ 1977ರಲ್ಲಿ ನಡೆದ ಸಮಾಲೋಚನೆಯಲ್ಲಿ ಮೂಡಿದ ಈ ಕಲ್ಪನೆ 1978ರಲ್ಲಿ ಮಿಲಾನ್‌ನಲ್ಲಿ ಸಾಕಾರಗೊಂಡಿತು. ಬಳಿಕ ಇದು ಬೇರೆ ಬೇರೆ ದೇಶಗಳ ನಗರಗಳಲ್ಲಿ ನಡೆಯುತ್ತ ಬಂದಿದೆ. ಇಲ್ಲಿ ಬಹುಮಾನಗಳಿಲ್ಲ, ಮಾರಾಟದ ಮಳಿಗೆಗಳೂ ಇಲ್ಲ. ಸಾರ್ವಜನಿಕ ಟೆಲಿವಿಷನ್ನಿನ ನಿರ್ಮಾಪಕರು ತಮ್ಮ ಕಾರ್ಯಕ್ರಮವನ್ನು ಸಹೋದ್ಯೋಗಿಗಳಿಗೆ ತೋರಿಸಿ, ಅಲ್ಲಿಯೇ ನಿಂತು ಪ್ರಶ್ನೆಗಳಿಗೆ ಉತ್ತರಿಸಬೇಕು. ಸರ್ವರೂ ಮೆಚ್ಚುವಂಥದ್ದಕ್ಕಿಂತ ವಾದಕ್ಕೆ ಎಡೆಮಾಡುವ ಕಾರ್ಯಕ್ರಮಗಳನ್ನೇ ಆಯ್ದುಕೊಳ್ಳುವುದು ಇದರ ಸಂಪ್ರದಾಯ. ಪ್ರಶಸ್ತಿ ಫಲಕಗಳಿಂದ ತುಂಬಿದ ಮಾಧ್ಯಮ ಜಗತ್ತಿನಲ್ಲಿ ಇದೊಂದು ಅಪರೂಪದ ಶಿಸ್ತು.

ಇತ್ತ ತಾಯಿಬೇರಾಗಿದ್ದ ಎನ್‌ಎಇಬಿ 1981ರಲ್ಲಿ ಮುಚ್ಚಿತು. ಅದರ ಕೆಲಸಗಳು ಹಲವು ಹೊಸ ಸಂಸ್ಥೆಗಳಲ್ಲಿ ಹಂಚಿಹೋಗಿದ್ದವು. ಅದರ ಕೊನೆಯ ದಿನಗಳಲ್ಲಿ, 1980ರಲ್ಲಿ, ಹುಟ್ಟಿದ 'ಕರೆಂಟ್' ಎಂಬ ವೃತ್ತಿಪತ್ರಿಕೆ ಮಾತ್ರ ಬೇರೆಯವರ ಆಶ್ರಯದಲ್ಲಿ ಬದುಕಿಕೊಂಡಿತು. ನಿಲಯವೊಂದರಲ್ಲಿ ಯಾರು ಬಂದರು, ಯಾರು ಹೋದರು, ಯಾವ ಪ್ರಯೋಗ ಫಲಿಸಿತು ಎಂಬುದು ಸಿಬ್ಬಂದಿಗೆ ತಿಳಿಯುವುದು ಬಹುಮಟ್ಟಿಗೆ ಇದರಿಂದ. 2010ರ ದಶಕದಲ್ಲಿ ಹಂಚಿಕೆ ಯಂತ್ರಗಳವರೆಗೂ ಬಂತು. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಹಾಗೂ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಸ್ಥಾಪಿಸಿದ ಸಾಮೂಹಿಕ ಕೇಂದ್ರಗಳಿಂದ ಹಲವು ನಿಲಯಗಳ ಪ್ರಸಾರ ನಿಯಂತ್ರಣ ಒಂದೇ ಕಡೆ ನಡೆಯತೊಡಗಿತು. ವೆಚ್ಚವೇನೋ ಉಳಿಯಿತು, ರಾತ್ರಿಪಾಳಿಯ ತಂತ್ರಜ್ಞರ ಕೆಲಸವೂ ಅದರೊಂದಿಗೆ ಹೋಯಿತು ಎಂಬುದನ್ನು ಹೇಳದಿರಲಾಗದು.

2025ರ ಬಳಿಕ

2025ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್, ಸಿಪಿಬಿಗೆ ಎರಡು ವರ್ಷಗಳಿಗೆಂದು ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್‌ಗಳನ್ನು ಹಿಂಪಡೆಯಿತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಜುಲೈ 24ರಂದು ಇದಕ್ಕೆ ಸಹಿ ಹಾಕಿದರು. ಆಗಸ್ಟ್ 1ರಂದು ನಿಗಮವು ಕೆಲಸ ನಿಲ್ಲಿಸುವ ಪ್ರಕ್ರಿಯೆಯನ್ನು ಪ್ರಕಟಿಸಿತು. ಸಿಬ್ಬಂದಿಯ ಬಹುಪಾಲು ಹುದ್ದೆಗಳು ಸೆಪ್ಟೆಂಬರ್ ಅಂತ್ಯಕ್ಕೆ ಕೊನೆಗೊಂಡವು. 2026ರ ಜನವರಿಯಲ್ಲಿ ಅದರ ಆಡಳಿತ ಮಂಡಳಿ ಸಂಸ್ಥೆಯನ್ನೇ ವಿಸರ್ಜಿಸಲು ನಿರ್ಧರಿಸಿತು.

ದೊಡ್ಡ ನಗರಗಳ ನಿಲಯಗಳಿಗೆ ಈ ಅನುದಾನ ಆದಾಯದ ಸಣ್ಣ ಭಾಗ ಮಾತ್ರವಾಗಿತ್ತು. ಗ್ರಾಮಾಂತರ ನಿಲಯಗಳ ಪಾಲಿಗೆ ಅದೇ ಜೀವನಾಡಿಯಾಗಿತ್ತು. ಇನ್ನೂ ಒಂದು ಸಂಗತಿ ಸುದ್ದಿಗಳಲ್ಲಿ ಅಷ್ಟಾಗಿ ಕಾಣಿಸಲಿಲ್ಲ: ಎಲ್ಲ ನಿಲಯಗಳ ಪರವಾಗಿ ಸಂಗೀತದ ಹಕ್ಕುಗಳ ಚೌಕಾಸಿ ಮಾಡುವುದು, ನಿಲಯಗಳ ಜೋಡಣೆಯ ವೆಚ್ಚ ಭರಿಸುವುದು ಇತ್ಯಾದಿ ಹಂಚಿಕೆಯ ಕೆಲಸಗಳನ್ನು ನಿಗಮವೇ ನಿರ್ವಹಿಸುತ್ತಿತ್ತು. ಇಂತಹ ಕೆಲಸಗಳನ್ನು ಒಂದೊಂದು ನಿಲಯವೂ ಬೇರೆ ಬೇರೆಯಾಗಿ ಮಾಡಿಕೊಂಡರೆ ವೆಚ್ಚ ಹೆಚ್ಚುವುದು ಖಚಿತ. ಖಾಸಗಿ ಪ್ರತಿಷ್ಠಾನಗಳ ನೆರವಿನಿಂದ ಸಂಕಷ್ಟದ ನಿಲಯಗಳಿಗಾಗಿ ಸೇತುನಿಧಿಯೊಂದನ್ನು 2025ರಲ್ಲಿಯೇ ಆರಂಭಿಸಲಾಯಿತು.

ಹಳೆಯ ಕಾಲದ ದಾಖಲೆಗಳು ಸದ್ಯಕ್ಕೆ ಸುರಕ್ಷಿತ. ಎನ್‌ಎಇಬಿಯ ಕಾಗದಪತ್ರಗಳು, ಧ್ವನಿಸುರುಳಿಗಳು ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ವಿಸ್ಕಾನ್ಸಿನ್ ಐತಿಹಾಸಿಕ ಸಂಘದಲ್ಲಿವೆ. ನಿಲಯಗಳ ಕಾರ್ಯಕ್ರಮಗಳನ್ನು ಸಂರಕ್ಷಿಸುವ ರಾಷ್ಟ್ರೀಯ ಸಂಗ್ರಹವನ್ನು 2013ರಿಂದ ಲೈಬ್ರರಿ ಆಫ್ ಕಾಂಗ್ರೆಸ್ ಹಾಗೂ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಜಂಟಿಯಾಗಿ ನಡೆಸುತ್ತ ಬಂದಿವೆ. ಸೈಕಲ್ ಜಾಲದ ಕಾಲದಲ್ಲಿ ಊರೂರು ಸುತ್ತಿದ ಎನ್‌ಇಟಿಯ ಕಾರ್ಯಕ್ರಮಗಳಲ್ಲಿ ಉಳಿದವೂ ಆ ಸಂಗ್ರಹದ ಪಟ್ಟಿಯಲ್ಲಿವೆ.