ಮೊಟ್ಟೆಯ ಬಿಳಿಭಾಗ ತಿಂದರೆ ರಕ್ತದ ಅಲ್ಬುಮಿನ್ ಏರುತ್ತದೆಯೇ? ಹುಟ್ಟಿನಿಂದಲೇ ಅಲ್ಬುಮಿನ್ ಇಲ್ಲದವರು ಬದುಕುವುದು ಹೇಗೆ?

ಮನೆಯಲ್ಲಿ ಯಾರದ್ದೋ ಕಾಲು ಊದಿಕೊಂಡಿದೆ, ರಕ್ತ ಪರೀಕ್ಷೆಯಲ್ಲಿ ‘ಅಲ್ಬುಮಿನ್ ಕಡಿಮೆ’ ಎಂದು ಬಂದಿದೆ ಎಂದುಕೊಳ್ಳಿ. ಫ್ಯಾಮಿಲಿ ಗ್ರೂಪಿನಲ್ಲಿ ತಕ್ಷಣ ಸಲಹೆ ಬರುತ್ತದೆ: ‘ದಿನಾ ನಾಲ್ಕು ಮೊಟ್ಟೆಯ ಬಿಳಿಭಾಗ ಕೊಡಿ, ಎಲ್ಲ ಸರಿಹೋಗುತ್ತದೆ.’ ಈ ಮಾತು ಎಷ್ಟು ನಿಜ?

ಅಲ್ಬುಮಿನ್ ಎಂದರೇನು?

ರಕ್ತದ ದ್ರವಭಾಗದಲ್ಲಿರುವ ಪ್ರೋಟೀನ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಬುಮಿನ್ ಒಂದೇ ಇರುತ್ತದೆ. ಇದನ್ನು ತಯಾರಿಸುವುದು ನಮ್ಮ ಲಿವರ್. ಆರೋಗ್ಯವಂತ ವಯಸ್ಕರಲ್ಲಿ ಪ್ರತಿ ಡೆಸಿಲೀಟರ್ ರಕ್ತದ್ರವದಲ್ಲಿ ಸುಮಾರು 3.5ರಿಂದ 5 ಗ್ರಾಂ ಇರುತ್ತದೆ. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಇದರ ಮುಖ್ಯ ಕೆಲಸ. ಕೊಬ್ಬಿನಾಮ್ಲ, ಹಾರ್ಮೋನ್ ಮತ್ತು ಹಲವು ಔಷಧಿಗಳನ್ನು ಹೊತ್ತೊಯ್ಯುವುದೂ ಇದೇ. ಇದು ಕಡಿಮೆಯಾದರೆ ನೀರು ನಾಳದಿಂದ ಹೊರಗೆ ಸೋರಿ ಕಾಲು, ಮುಖ ಊದಿಕೊಳ್ಳಬಹುದು.

ಮೊಟ್ಟೆಯಲ್ಲೂ ಅದೇ ಇದೆಯಲ್ಲ?

ಇಲ್ಲ. ಮೊಟ್ಟೆಯ ಬಿಳಿಭಾಗದಲ್ಲಿರುವುದು ‘ಓವಲ್ಬುಮಿನ್’. ಹೆಸರು ಹತ್ತಿರ, ಪ್ರೋಟೀನ್ ಬೇರೆ. ತಿಂದ ಮೇಲೆ ಅದು ಹೊಟ್ಟೆ, ಕರುಳಿನಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಬೇಳೆ, ಹಾಲು, ಮಾಂಸದ ಪ್ರೋಟೀನ್‌ಗೂ ಆಗುವುದು ಇದೇ. ಅಮೈನೋ ಆಮ್ಲ ಇಟ್ಟಿಗೆಯಿದ್ದಂತೆ. ಮನೆ ಕಟ್ಟುವ ಮೇಸ್ತ್ರಿ ಲಿವರ್, ನಕ್ಷೆ ಇರುವುದು ಜೀನ್‌ನಲ್ಲಿ. ನಕ್ಷೆಯೇ ಇಲ್ಲದಿದ್ದರೆ ಎಷ್ಟು ಇಟ್ಟಿಗೆ ಇಳಿಸಿದರೂ ಮನೆ ಏಳುವುದಿಲ್ಲ.

ನಕ್ಷೆಯೇ ಇಲ್ಲದವರು

ಅಂಥವರು ಇದ್ದಾರೆ. ಈ ಸ್ಥಿತಿಯ ಹೆಸರು ಜನ್ಮಜಾತ ಅನಲ್ಬುಮಿನೀಮಿಯಾ. 1954ರಲ್ಲಿ ಜರ್ಮನಿಯ ವೈದ್ಯ ಬೆನ್‌ಹೋಲ್ಡ್ ಮತ್ತು ಸಹೋದ್ಯೋಗಿಗಳು ಒಡಹುಟ್ಟಿದ ಇಬ್ಬರಲ್ಲಿ ಇದನ್ನು ಮೊದಲು ವರದಿ ಮಾಡಿದರು. ಹತ್ತು ಲಕ್ಷದಲ್ಲಿ ಒಬ್ಬರಿಗೆ ಇರಬಹುದೆಂಬ ಅಂದಾಜಿದೆ.

ಆಶ್ಚರ್ಯವೆಂದರೆ, ಬೆಳೆದು ದೊಡ್ಡವರಾದವರಲ್ಲಿ ತೊಂದರೆ ಸಾಮಾನ್ಯವಾಗಿ ಸೌಮ್ಯ: ಸುಸ್ತು, ಸ್ವಲ್ಪ ಕಾಲೂತ, ಕಡಿಮೆ ಬಿಪಿ. ಕಾರಣ, ದೇಹ ಇತರ ಪ್ರೋಟೀನ್‌ಗಳನ್ನು ಹೆಚ್ಚಿಸಿಕೊಂಡು ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ. ನಿಜವಾದ ಅಪಾಯ ಇರುವುದು ಗರ್ಭದಲ್ಲಿ ಮತ್ತು ಎಳೆ ಶೈಶವದಲ್ಲಿ. ಕೂಸಿನ ಮೈಯಲ್ಲಿ ನೀರು ತುಂಬುವುದು, ಶ್ವಾಸಕೋಶದ ಸೋಂಕು ಜೀವಕ್ಕೇ ಎರವಾಗಬಹುದು.

ಬದುಕು ಹೇಗೆ?

ಇವರ ಕೊಲೆಸ್ಟ್ರಾಲ್ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಆದ್ದರಿಂದ ಹೃದಯದ ಮೇಲೆ ನಿಗಾ ಬೇಕು, ವೈದ್ಯರು ಹೇಳಿದರೆ ಔಷಧಿಯೂ ಬೇಕು. ವಾರ್ಫರಿನ್, ಫೆನಿಟಾಯಿನ್‌ನಂಥ ಮಾತ್ರೆಗಳು ಅಲ್ಬುಮಿನ್‌ಗೆ ಅಂಟಿಕೊಂಡು ಸಾಗುತ್ತವೆ. ಅದು ಇಲ್ಲದವರಲ್ಲಿ ಡೋಸ್ ಎಚ್ಚರದಿಂದ ನಿರ್ಧರಿಸಬೇಕು. ಹಾಗಾಗಿ ಯಾವ ವೈದ್ಯರ ಬಳಿ ಹೋದರೂ ಈ ವಿಷಯ ಮೊದಲೇ ಹೇಳಬೇಕು. ಡ್ರಿಪ್‌ನಲ್ಲಿ ಕೊಡುವ ಅಲ್ಬುಮಿನ್ ಎಲ್ಲರಿಗೂ ಸದಾ ಬೇಕಾಗುವುದಿಲ್ಲ.

ಸಂಬಂಧದಲ್ಲಿ ಮದುವೆಗೂ ಇದಕ್ಕೂ ನಂಟಿದೆಯೇ?

ಇದೆ. ತಂದೆ, ತಾಯಿ ಇಬ್ಬರಲ್ಲೂ ದೋಷವಿರುವ ಒಂದೊಂದು ಪ್ರತಿ ಇದ್ದರೆ ಮಾತ್ರ ಮಗುವಿಗೆ ಈ ಸ್ಥಿತಿ ಬರುತ್ತದೆ. ಆಗಲೂ ಪ್ರತಿ ಬಸಿರಿನಲ್ಲಿ ಸಾಧ್ಯತೆ ನಾಲ್ಕರಲ್ಲಿ ಒಂದು. ಒಂದೇ ಮನೆತನದವರು ಮದುವೆಯಾದರೆ ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು. ಯಾವುದೇ ಜೀನ್ ತೆಗೆದುಕೊಂಡರೂ, ಮಗುವಿಗೆ ಅದರ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬರುವ ಸಾಧ್ಯತೆ ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ ಒಂದು, ಸೋದರಮಾವನ ಮದುವೆಯಲ್ಲಿ 8ರಲ್ಲಿ ಒಂದು.

ಇದು ನಮಗೆ ದೂರದ ಮಾತಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ಅಧ್ಯಯನ ನಡೆದಾಗ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದ್ದಾಗಿತ್ತು. ಮುಳಬಾಗಿಲು ತಾಲ್ಲೂಕಿನ ಬೈರಕೂರಿನಂಥ ಊರುಗಳಲ್ಲೂ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದಲ್ಲ. ಹಾಗೆಂದು ಅಂಥ ಪ್ರತಿ ಮನೆಯಲ್ಲೂ ಕಾಯಿಲೆ ಬರುತ್ತದೆ ಎಂದಲ್ಲ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಮಗು ಅಪರೂಪದ ಕಾಯಿಲೆಯೊಂದಿಗೆ ಹುಟ್ಟಿದರೆ ತಾಯಿಯನ್ನು ದೂರುವುದು, ದೃಷ್ಟಿ, ಗ್ರಹಣ ಎನ್ನುವುದು ತಪ್ಪು. ಜೀನ್ ಇಬ್ಬರಿಂದಲೂ ಬರುತ್ತದೆ. ಇಂಥ ಕುಟುಂಬಗಳು ಮುಂದಿನ ಬಸಿರಿಗೆ ಮುನ್ನ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ಸಲಹೆ ಪಡೆಯಬಹುದು.

ನಿಮ್ಮ ರಿಪೋರ್ಟ್‌ನಲ್ಲಿ ಕಡಿಮೆ ಬಂದರೆ?

ಮೊದಲು ಈ ಅಪರೂಪದ ಕಾಯಿಲೆಯೇ ಎಂದು ಹೆದರಬೇಡಿ. ಅಲ್ಬುಮಿನ್ ಇಳಿಯಲು ಸಾಮಾನ್ಯ ಕಾರಣಗಳು ಲಿವರ್ ಕಾಯಿಲೆ, ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ, ದೀರ್ಘಕಾಲದ ಸೋಂಕು, ಅಪೌಷ್ಟಿಕತೆ. ಮೂತ್ರದಲ್ಲಿ ನೊರೆ ನಿಲ್ಲುತ್ತಿದ್ದರೆ, ಊದಿದ ಕಾಲನ್ನು ಒತ್ತಿದಾಗ ಗುಳಿ ಬೀಳುತ್ತಿದ್ದರೆ, ಕಣ್ಣು ಹಳದಿಯಾಗಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಈ ಕಾರಣಗಳು ಯಾವುವೂ ಸಿಗದಿದ್ದಾಗ ಮಾತ್ರ ಎಲೆಕ್ಟ್ರೋಫೊರೆಸಿಸ್, ಜೀನ್ ಪರೀಕ್ಷೆಯ ಮಾತು ಬರುತ್ತದೆ.

ಹಾಗಾದರೆ ನಿಜವೇನು?

ಮೊಟ್ಟೆ ಒಳ್ಳೆಯ ಆಹಾರ. ಊಟ ಸಾಲದೆ ಸೊರಗಿದವರಿಗೆ ಅದರಿಂದ ಉಪಯೋಗವಿದೆ. ಆದರೆ ಅಲ್ಬುಮಿನ್ ಯಾಕೆ ಇಳಿದಿದೆ ಎಂದು ತಿಳಿಯದೆ ಮೊಟ್ಟೆಯನ್ನೇ ಔಷಧಿ ಎಂದು ನಂಬಿ ಕೂರುವುದು ಅಪಾಯ. ಕಿಡ್ನಿ ಕಾಯಿಲೆ ಇರುವವರು ಎಷ್ಟು ಪ್ರೋಟೀನ್ ತಿನ್ನಬೇಕೆಂದು ವೈದ್ಯರನ್ನೇ ಕೇಳಬೇಕು. ಮುಂದಿನ ಸಲ ಆ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಬದಲು ಒಂದು ಪ್ರಶ್ನೆ ಕೇಳಿ: ‘ಕಾರಣ ಗೊತ್ತಾಯಿತಾ?’